‘ನಾನೂ ಒಪ್ಪುತ್ತೇನೆ’ ಎಂಬ ಕಾಟ

ಪ್ರಶ್ನೆ: ಪದವಿ ವಿದ್ಯಾರ್ಥಿಗಳಿಗೆ ಆನ್‌ಲೈನ್‌ನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಲಿಖಿತ ಚರ್ಚೆಯಲ್ಲಿ ಪ್ರತಿಯೊಬ್ಬರೂ ಇಬ್ಬರಿಗೆ ಪ್ರತಿಕ್ರಿಯಿಸಬೇಕೆಂಬ ನಿಯಮವಿದೆ. ಬರುವುದೆಲ್ಲ ‘ನಾನೂ ಒಪ್ಪುತ್ತೇನೆ’, ‘ಚೆನ್ನಾಗಿದೆ’. ನೇರ ತರಗತಿಯಲ್ಲಂತೂ ಮೌನ. ಏನು ಮಾಡಲಿ?

ಉತ್ತರ: ಮಕ್ಕಳನ್ನು ದೂರುವ ಮೊದಲು ಪ್ರಶ್ನೆಯನ್ನೇ ನೋಡಿ. ‘ಹಣದುಬ್ಬರ ಎಂದರೇನು?’ ಎಂದರೆ ಮೊದಲು ಬರೆದವಳು ಪಠ್ಯಪುಸ್ತಕದ ಉತ್ತರ ಒಪ್ಪಿಸುತ್ತಾಳೆ. ಉಳಿದವರಿಗೆ ತಲೆಯಾಡಿಸುವುದಲ್ಲದೆ ಬೇರೆ ಕೆಲಸವೇನಿದೆ? ಬದಲಿಗೆ, ಬಡ್ಡಿದರ ಏರಿಸಿ ಹಣದುಬ್ಬರ ತಗ್ಗಿಸುವುದು ನ್ಯಾಯವೇ ಎಂದು ಕೇಳಿ. ಒಬ್ಬರು ಠೇವಣಿಯ ಬಡ್ಡಿಯಲ್ಲೇ ಬದುಕುವ ವೃದ್ಧೆಯ ಪರ, ಇನ್ನೊಬ್ಬರು ಮನೆಸಾಲದವನ ಪರ, ಮತ್ತೊಬ್ಬರು ಕೆಲಸ ಹುಡುಕುತ್ತಿರುವ ಯುವಕನ ಪರ ವಾದಿಸಲಿ. ಆಗ ಒಪ್ಪಿಗೆ ಅಷ್ಟು ಸುಲಭವಲ್ಲ.

‘ಇಬ್ಬರಿಗೆ ಪ್ರತಿಕ್ರಿಯೆ’ ನಿಯಮವನ್ನು ಇಂದೇ ಕೈಬಿಡಿ. ಅದು ಹಾಜರಿ ಪುಸ್ತಕವೇ ಹೊರತು ಚರ್ಚೆಯಲ್ಲ. ಒಂದೇ ಪ್ರತಿಕ್ರಿಯೆ ಸಾಕು. ಆದರೆ ಸಹಪಾಠಿಯ ಒಂದು ವಾಕ್ಯವನ್ನು ಎತ್ತಿಕೊಂಡು ಅದಕ್ಕೊಂದು ಪ್ರಶ್ನೆ ಹಾಕಬೇಕು. ಮೂಲ ಬರೆದವರು ಅದಕ್ಕೆ ಉತ್ತರಿಸಲೂ ಬೇಕು. ನನ್ನ ತರ್ಕಶಾಸ್ತ್ರದ ತರಗತಿಯಲ್ಲಿ ಅಂಕ ಕೊಡುತ್ತಿದ್ದುದು ಈ ಎರಡನೆಯ ಸುತ್ತಿಗೇ. ಗುಂಪಿನಲ್ಲಿ ಐದಾರು ಜನರಿದ್ದರೆ ಸಾಕು.

ನೇರ ತರಗತಿಯ ಮೌನಕ್ಕೆ ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲೇ ಮದ್ದು ತೋರಿಸಿದ್ದರು: ಶಿಕ್ಷಕರು ಕೇಳಿದ ಮೇಲೆ ಕಾಯುವುದು ಸುಮಾರು 1 ಸೆಕೆಂಡ್ ಮಾತ್ರ, 3 ಸೆಕೆಂಡ್ ಕಾದರೆ ಉತ್ತರಗಳು ದೀರ್ಘವಾಗುತ್ತವೆ. ಆನ್‌ಲೈನ್‌ನಲ್ಲಿ ಮೈಕ್ ತೆರೆಯುವ ಹೊತ್ತೂ ಸೇರಿಸಿ 10 ಎಣಿಸಿ. ಹಿಂಸೆಯಾಗುತ್ತದೆ, ಗೊತ್ತು. ಆದರೂ ಬಾಯಿ ಬಿಡಬೇಡಿ.