ಕುಬ್ಜ ಸಿಕ್ಲಿಡ್ ಜೋಡಿಗಳು: ಮೊಟ್ಟೆ, ಮರಿ ಮತ್ತು ಕೊಡಗಿನ ನೀರು

ಕೊಡಗಿನ ಓದುಗರಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕುಬ್ಜ ಸಿಕ್ಲಿಡ್‌ಗಳ, ಅಂದರೆ ಸಿಕ್ಲಿಡ್ ಎಂಬ ಮೀನು ಕುಟುಂಬದ ಪುಟ್ಟ ಅಕ್ವೇರಿಯಂ ಮೀನುಗಳ, ಸಂತಾನಾಭಿವೃದ್ಧಿಗೆ ಸಂಬಂಧಿಸಿದವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ (ಮಡಿಕೇರಿ): ನಮ್ಮ ಎರಡೂವರೆ ಅಡಿ ಉದ್ದದ ಅಕ್ವೇರಿಯಂನಲ್ಲಿ ಒಂದು ಜೋಡಿ ನೀಲಿ ರಾಮ್ ಮೀನುಗಳಿವೆ. ಚಪ್ಪಟೆ ಕಲ್ಲಿನ ಮೇಲೆ ಮೊಟ್ಟೆಯಿಟ್ಟು ಕಾವಲು ಕಾಯುತ್ತವೆ. ಆದರೆ ಎರಡು ದಿನ ಕಳೆಯುವಷ್ಟರಲ್ಲಿ ಕಲ್ಲು ಬರಿದಾಗಿರುತ್ತದೆ. ಅವೇ ಮೊಟ್ಟೆಗಳನ್ನು ಬಾಯಿಗೆ ತೆಗೆದುಕೊಳ್ಳುವುದನ್ನು ಕಂಡಿದ್ದೇವೆ. ಮುಂದಿನ ಸಲ ಕಲ್ಲನ್ನೇ ಎತ್ತಿ ಬೇರೆ ತೊಟ್ಟಿಯಲ್ಲಿಡಿ ಎಂದು ಅಂಗಡಿಯವರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ಸದ್ಯಕ್ಕೆ ಬೇಡ. ಕಲ್ಲನ್ನು ಎತ್ತುವ ಮೊದಲು ಮೊಟ್ಟೆಗಳು ನಿಜವಾಗಿ ಏನಾದವು ಎಂಬುದನ್ನು ತಿಳಿದುಕೊಳ್ಳಬೇಕು. ಆರೋಗ್ಯವಂತ ಮೊಟ್ಟೆ ಜೇನಿನ ಬಣ್ಣಕ್ಕೆ ಹತ್ತಿರವಾಗಿ ಪಾರದರ್ಶಕವಾಗಿರುತ್ತದೆ. ಫಲಿತವಾಗದ ಅಥವಾ ಸತ್ತ ಮೊಟ್ಟೆ ಒಂದು ದಿನದೊಳಗೆ ಹಾಲಿನಂತೆ ಬಿಳಿಚಿಕೊಂಡು ಬೂಷ್ಟು ಹಿಡಿಯುತ್ತದೆ. ಬಿಳಿಚಿದ ಮೊಟ್ಟೆಗಳನ್ನು ತಂದೆತಾಯಿಗಳು ಆಯ್ದು ತಿನ್ನುವುದು ಪಕ್ಕದ ಒಳ್ಳೆಯ ಮೊಟ್ಟೆಗಳಿಗೆ ಬೂಷ್ಟು ಹರಡದಂತೆ ಮಾಡುವ ಶುಚಿಕಾರ್ಯ. ಎಲ್ಲ ಮೊಟ್ಟೆಗಳೂ ಬಿಳಿಚಿದರೆ ಎಲ್ಲವೂ ಹೊಟ್ಟೆ ಸೇರುತ್ತವೆ, ನೋಡುವವರಿಗೆ ಅದು ಕ್ರೌರ್ಯವಾಗಿ ಕಾಣುತ್ತದೆ. ಇನ್ನೊಂದು ಸಾಧ್ಯತೆಯೂ ಇದೆ. ನೀರಿನ ಉಷ್ಣತೆ 28 ರಿಂದ 29 ಡಿಗ್ರಿ ಸೆಲ್ಸಿಯಸ್ ಇದ್ದಾಗ ರಾಮ್ ಮೊಟ್ಟೆಗಳು ಸುಮಾರು ಎರಡು ಮೂರು ದಿನಗಳಲ್ಲಿ ಒಡೆಯುತ್ತವೆ, ಮತ್ತು ಆಗ ಪೋಷಕರು ಇನ್ನೂ ಈಜಲಾರದ ಮರಿಗಳನ್ನು ಬಾಯಲ್ಲಿ ತುಂಬಿಕೊಂಡು ಹೋಗಿ ಮರಳಿನಲ್ಲಿ ಮೊದಲೇ ತೋಡಿಟ್ಟ ಗುಂಡಿಗೆ ಉಗುಳುತ್ತವೆ. ಕಲ್ಲು ಬರಿದಾದುದನ್ನು ಕಂಡ ಕೂಡಲೇ ನಿರಾಶರಾಗದೆ, ಜೋಡಿ ಮರಳಿನ ಯಾವುದಾದರೂ ಮೂಲೆಯ ಮೇಲೆ ತಲೆ ತಗ್ಗಿಸಿ ನಿಂತಿದೆಯೇ ಎಂದು ನೋಡಿ. ಈ ಮರಿಗಳನ್ನು ಅವು ದಿನಕ್ಕೆ ಹಲವು ಸಲ ಒಂದು ಗುಂಡಿಯಿಂದ ಇನ್ನೊಂದಕ್ಕೆ ಸಾಗಿಸುತ್ತಿರುತ್ತವೆ.

ಮೊಟ್ಟೆಗಳು ಬಿಳಿಚುತ್ತಿರುವುದು ಖಚಿತವಾದರೆ ಕಾರಣವನ್ನು ಮೀನುಗಳ ಗುಣದಲ್ಲಿ ಹುಡುಕುವ ಮೊದಲು ನೀರಿನಲ್ಲಿ ಹುಡುಕಬೇಕೆಂಬುದು ನನ್ನ ದೃಢ ಅಭಿಪ್ರಾಯ. ನೀಲಿ ರಾಮ್, ಅಂದರೆ ಮೈಕ್ರೊಜಿಯೋಫೇಗಸ್ ರಮಿರೆಜಿ, ವೆನೆಜುವೆಲಾ ಮತ್ತು ಕೊಲಂಬಿಯಾಗಳಲ್ಲಿ ಒರಿನೋಕೊ ನದಿಯ ಜಲಾನಯನದಲ್ಲಿರುವ ಹುಲ್ಲುಬಯಲುಗಳ ಮೀನು. ಅಲ್ಲಿನ ನೀರು ಬೆಚ್ಚಗಿರುತ್ತದೆ, ಸುಣ್ಣದಂಥ ಲವಣಗಳು ಕಡಿಮೆಯಿದ್ದು ಮೆದುವಾಗಿರುತ್ತದೆ, ತುಸು ಆಮ್ಲೀಯವಾಗಿರುತ್ತದೆ. ಮಡಿಕೇರಿಯ ಬಾವಿ ಮತ್ತು ಒರತೆಗಳ ನೀರು ಬಹುಮಟ್ಟಿಗೆ ಮೆದುವೇ ಆದರೂ ಅಕ್ವೇರಿಯಂನಲ್ಲಿ ಹಾಸಿದ ಬಿಳಿ ಕಲ್ಲು, ಅಮೃತಶಿಲೆಯ ಚೂರು, ಅಲಂಕಾರದ ಕಪ್ಪೆಚಿಪ್ಪುಗಳು ಅದನ್ನು ನಿಧಾನವಾಗಿ ಗಡುಸಾಗಿಸಿಬಿಡುತ್ತವೆ. ಒಂದು ಕಲ್ಲನ್ನು ಹೊರತೆಗೆದು ಒರೆಸಿ ಅದರ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ನೋಡಿ. ನೊರೆಯೆದ್ದರೆ ಅದರಲ್ಲಿ ಸುಣ್ಣದ ಅಂಶವಿದೆ, ಆ ಹಾಸು ರಾಮ್‌ಗಳಿಗೆ ಬೇಡ.

ಉಷ್ಣತೆಯ ಮಾತು ಇನ್ನೂ ಮುಖ್ಯ. ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯಲ್ಲಿ, ಆಷಾಢದ ಮಳೆಯಲ್ಲಾಗಲಿ ಧನುರ್ಮಾಸದ ರಾತ್ರಿಯಲ್ಲಾಗಲಿ ಕರೆಂಟು ಹೋಗಿ ಹೀಟರ್ ನಿಂತರೆ, ಚಿಕ್ಕ ತೊಟ್ಟಿಯ ನೀರು ಬೆಳಗಾಗುವಷ್ಟರಲ್ಲಿ ಬಹಳ ತಣ್ಣಗಾಗಿರುತ್ತದೆ. ಮೊಟ್ಟೆಯ ಬೆಳವಣಿಗೆ ನಿಧಾನವಾಗಿ ಬೂಷ್ಟಿಗೆ ಅವಕಾಶ ಸಿಗುತ್ತದೆ. ತೊಟ್ಟಿಯ ಹಿಂಬದಿ ಮತ್ತು ಎರಡು ಪಕ್ಕಗಳಿಗೆ ಥರ್ಮಾಕೋಲ್ ಹಾಳೆ ಅಂಟಿಸಿ, ಕರೆಂಟು ಹೋದಾಗ ಮೇಲಿನಿಂದ ಕಂಬಳಿ ಹೊದಿಸಿ, ಬ್ಯಾಟರಿಯಿಂದ ನಡೆಯುವ ಗಾಳಿ ಪಂಪನ್ನು ಇಟ್ಟುಕೊಳ್ಳಿ. ಲೀಟರಿಗೆ ಒಂದು ವ್ಯಾಟ್ ಎಂಬ ಸಾಮಾನ್ಯ ಲೆಕ್ಕಕ್ಕಿಂತ ತುಸು ಹೆಚ್ಚಿನ ಸಾಮರ್ಥ್ಯದ ಹೀಟರ್ ನಿಮ್ಮ ಊರಿಗೆ ಸೂಕ್ತ.

ನೀರೂ ಬಿಸಿಯೂ ಸರಿಯಿದ್ದರೆ ಉಳಿದ ಕಾರಣಗಳನ್ನು ನೋಡಬಹುದು. ಎರಡು ಹೆಣ್ಣುಗಳೇ ಜೋಡಿಯಂತೆ ವರ್ತಿಸಿ ಮೊಟ್ಟೆಯಿಡುವುದುಂಟು. ಹೆಣ್ಣಿನ ಹೊಟ್ಟೆಯ ಮೇಲೆ ಗುಲಾಬಿ ಛಾಯೆಯಿರುತ್ತದೆ, ಗಂಡಿನ ಬೆನ್ನುರೆಕ್ಕೆಯ ಮುಂಭಾಗದ ಮುಳ್ಳುಗಳು ಉದ್ದವಾಗಿರುತ್ತವೆ. ಮೊಟ್ಟೆಯಿಡುವ ಹೊತ್ತಿನಲ್ಲಿ ಹೊರಬರುವ ನಾಳ ಹೆಣ್ಣಿನಲ್ಲಿ ದಪ್ಪವಾಗಿ ಮೊಂಡಾಗಿ, ಗಂಡಿನಲ್ಲಿ ಸಣ್ಣಗೆ ಚೂಪಾಗಿ ಕಾಣುತ್ತದೆ. ತಳದಲ್ಲಿ ಓಡಾಡುವ ಕೋರಿಡೋರಾಸ್ ಮೀನುಗಳಿದ್ದರೆ ಅವು ಕತ್ತಲಲ್ಲಿ ಮೊಟ್ಟೆಗೆ ಬಾಯಿ ಹಾಕುತ್ತವೆ. ದೀಪವನ್ನು ಥಟ್ಟನೆ ಆರಿಸಿದಾಗ ಪೋಷಕರು ಮೊಟ್ಟೆಯಿರುವ ಜಾಗವನ್ನೇ ಕಳೆದುಕೊಳ್ಳಬಹುದಾದ್ದರಿಂದ ಕೋಣೆಯಲ್ಲಿ ಮಂದವಾದ ರಾತ್ರಿದೀಪವಿರಲಿ. ಹೊಸ ಜೋಡಿ ಮೊದಲ ಕೆಲವು ಸಲ ಎಡವುವುದು ಸಹಜ.

ಕಲ್ಲನ್ನು ಎತ್ತಬೇಡಿ ಎನ್ನುವುದಕ್ಕೆ ನನಗಿರುವ ಮುಖ್ಯ ಕಾರಣ ಇದು: ಗಂಡುಹೆಣ್ಣುಗಳನ್ನು ಒಂದಾಗಿ ಹಿಡಿದಿಟ್ಟಿರುವುದು ಬಹುಮಟ್ಟಿಗೆ ಆ ಮೊಟ್ಟೆಗಳೇ. ಕಾಯಲು ಏನೂ ಇಲ್ಲದಂತಾದಾಗ, ಹೊರಗಿನ ಶತ್ರುವಿನ ಮೇಲೆ ತಿರುಗಿದ್ದ ಸಿಟ್ಟು ಜೊತೆಗಾರನ ಮೇಲೆ ತಿರುಗುತ್ತದೆ. ಕಲ್ಲು ತೆಗೆದ ಮರುದಿನ ಹೆಣ್ಣು ಮೂಲೆ ಸೇರಿ, ರೆಕ್ಕೆ ಹರಿದುಕೊಂಡು ನಿಂತಿರುವುದು ಅನೇಕರ ಅನುಭವ. ಸಾಕಣೆ ಕೇಂದ್ರಗಳಲ್ಲಿ ತಲೆಮಾರುಗಳಿಂದ ಮೊಟ್ಟೆಗಳನ್ನು ಬೇರ್ಪಡಿಸಿಯೇ ಮರಿ ಮಾಡಿಸುವುದರಿಂದ, ಮಾರುಕಟ್ಟೆಯ ರಾಮ್‌ಗಳಲ್ಲಿ ಪಾಲನೆಯ ಗುಣ ಕುಂದಿದೆ ಎಂಬ ಮಾತಿನಲ್ಲಿ ಹುರುಳಿದೆ. ಆದರೂ ಆ ಗುಣ ಉಳಿದಿರುವ ಜೋಡಿ ನಿಮ್ಮಲ್ಲಿದೆಯೇ ಎಂದು ತಿಳಿಯಬೇಕಾದರೆ ಅವಕ್ಕೆ ಅವಕಾಶ ಕೊಡಲೇಬೇಕು. ನಿಮ್ಮ ಪತ್ರದ ಪ್ರಕಾರ ಅವು ಕಾವಲು ಕಾಯುತ್ತಿವೆ. ಅದು ಒಳ್ಳೆಯ ಲಕ್ಷಣ.

ಪ್ರಶ್ನೆ (ವಿರಾಜಪೇಟೆ): ನೀರನ್ನು ಆಮ್ಲೀಯವಾಗಿಸಲು ನಿಂಬೆರಸ ಅಥವಾ ಮನೆಯಲ್ಲಿರುವ ಕಾಚಂಪುಳಿಯನ್ನು (ಅಡುಗೆಗೆ ಬಳಸುವ ಕಪ್ಪು ಹುಳಿರಸ) ಹಾಕಬಹುದೇ?

ಉತ್ತರ: ಎರಡೂ ಬೇಡ. ಹಾಕಿದ ಗಳಿಗೆಯಲ್ಲಿ ಪಿಎಚ್ (ಆಮ್ಲೀಯತೆಯ ಅಳತೆ; 7ಕ್ಕಿಂತ ಕೆಳಗಿದ್ದರೆ ನೀರು ಆಮ್ಲೀಯ) ಥಟ್ಟನೆ ಇಳಿಯುತ್ತದೆ, ಬ್ಯಾಕ್ಟೀರಿಯಾಗಳು ಆ ಹುಳಿಯನ್ನು ಕರಗಿಸಿದ ಮೇಲೆ ಮತ್ತೆ ಏರುತ್ತದೆ, ಜೊತೆಗೆ ನೀರಿನ ಆಮ್ಲಜನಕವೂ ಖರ್ಚಾಗುತ್ತದೆ. ಈ ಏರಿಳಿತ ಮೀನಿಗೆ ಗಡುಸು ನೀರಿಗಿಂತ ಹೆಚ್ಚು ಹಾನಿಕರ. ಮರದಿಂದ ತಾನಾಗಿ ಉದುರಿ ಒಣಗಿದ ಕಾಡುಬಾದಾಮಿಯ ಅಥವಾ ಹಲಸಿನ ಎಲೆಗಳನ್ನು ತೊಳೆದು ಹಾಕಿ. ಅವು ನೀರಿಗೆ ಚಹಾದ ಬಣ್ಣ ತಂದು, ನಿಧಾನವಾಗಿ ತುಸು ಆಮ್ಲೀಯತೆ ಕೊಡುತ್ತವೆ, ಮರಿಗಳಿಗೆ ಅಡಗಲು ನೆರಳೂ ಆಗುತ್ತವೆ. ಔಷಧಿ ಸಿಂಪಡಿಸಿದ ತೋಟದ ಎಲೆ ಮಾತ್ರ ಬೇಡ.

ಪ್ರಶ್ನೆ (ಗೋಣಿಕೊಪ್ಪಲು): ಒಂದು ಗಂಡು, ಎರಡು ಹೆಣ್ಣು ಎಪಿಸ್ಟೊಗ್ರಾಮ ಕಾಕಟುವಾಯ್ಡಿಸ್ ಎಂಬ ಕುಬ್ಜ ಸಿಕ್ಲಿಡ್‌ಗಳನ್ನು ತಂದಿದ್ದೇನೆ. ಒಂದು ಹೆಣ್ಣು ಇದ್ದಕ್ಕಿದ್ದಂತೆ ಕಡು ಹಳದಿಯಾಗಿ, ಮೈಮೇಲೆ ಕಪ್ಪು ಗುರುತು ಮೂಡಿ, ತನ್ನ ಎರಡರಷ್ಟಿರುವ ಗಂಡನ್ನೇ ಅಟ್ಟಾಡಿಸುತ್ತಿದೆ. ಇದು ರೋಗವೇ? ಗಂಡನ್ನು ತೆಗೆಯಬೇಕೇ?

ಉತ್ತರ: ಆ ಹೆಣ್ಣು ತಾಯಿಯಾಗಿರುವ ಸಂಭವ ಹೆಚ್ಚು. ಈ ಪ್ರಭೇದದಲ್ಲಿ ಮೊಟ್ಟೆ ಕಾಯುವ ಹೆಣ್ಣು ಧರಿಸುವ ಬಣ್ಣವೇ ಅದು. ರಾಮ್‌ಗಳಲ್ಲಿ ಗಂಡುಹೆಣ್ಣುಗಳೆರಡೂ ಮೊಟ್ಟೆಯ ಬಳಿಯೇ ಇದ್ದು ಸರದಿಯಂತೆ ಕಾಯುತ್ತವೆ. ಇಲ್ಲಿ ಕೆಲಸದ ಹಂಚಿಕೆ ಬೇರೆ. ಗುಹೆಯ ಒಳಚಾವಣಿಗೆ ಅಂಟಿಸಿದ ಕೆಂಪು ಛಾಯೆಯ ಮೊಟ್ಟೆಗಳಿಗೆ ರೆಕ್ಕೆಯಿಂದ ಗಾಳಿ ಹಾಕುವುದು, ಶುಚಿಗೊಳಿಸುವುದು, ಮರಿಗಳನ್ನು ಮೇಯಿಸುವುದು ಹೆಣ್ಣಿನ ಪಾಲಿಗೆ. ಹಲವು ಹೆಣ್ಣುಗಳ ಎಲ್ಲೆಗಳನ್ನು ಒಳಗೊಂಡ ದೊಡ್ಡ ವಲಯವನ್ನು ಹೊರಗಿನಿಂದ ಕಾಯುವುದು ಗಂಡಿನ ಪಾಲಿಗೆ. ಗುಹೆಯ ಹತ್ತಿರ ಬಂದರೆ ಗಂಡಿಗೂ ಏಟು ತಪ್ಪದು. ಮೂರಡಿ ಉದ್ದದ ತೊಟ್ಟಿಯಲ್ಲಿ ಅದು ದೂರ ಸರಿದು ನಿಲ್ಲಬಲ್ಲದು. ಎರಡಡಿಯದರಲ್ಲಿ ಜಾಗವಿಲ್ಲದೆ ಪೆಟ್ಟು ತಿನ್ನುತ್ತದೆ, ಆಗ ಗಂಡನ್ನೂ ಇನ್ನೊಂದು ಹೆಣ್ಣನ್ನೂ ಬೇರ್ಪಡಿಸಿ. ಈ ಮೀನುಗಳಿಗೆ ನೀರಿನ ಎತ್ತರಕ್ಕಿಂತ ತಳದ ವಿಸ್ತಾರ ಮುಖ್ಯ.

ತೆಂಗಿನ ಕರಟವನ್ನು ಚೆನ್ನಾಗಿ ಬೇಯಿಸಿ, ಅಂಚಿನಲ್ಲಿ ಹೆಣ್ಣು ಮಾತ್ರ ನುಸುಳುವಷ್ಟು ಕಿಂಡಿ ಕೊರೆದು ಕವುಚಿಟ್ಟರೆ ಅದಕ್ಕಿಂತ ಒಳ್ಳೆಯ ಗುಹೆ ಬೇಕಿಲ್ಲ. ಪ್ರತಿ ಹೆಣ್ಣಿಗೂ ಒಂದಕ್ಕಿಂತ ಹೆಚ್ಚು ಕರಟಗಳಿರಲಿ, ಒಂದರ ಬಾಯಿ ಇನ್ನೊಂದಕ್ಕೆ ಕಾಣದಂತೆ ನಡುವೆ ಗಿಡ ಅಥವಾ ಬೇರು ಇರಲಿ. ಒಂದು ವಾರ ಕಳೆದ ಮೇಲೆ ತಾಯಿ ಮರಿಗಳನ್ನು ಹೊರಗೆ ಕರೆತರುವುದನ್ನು ನೋಡುವ ಭಾಗ್ಯ ನಿಮಗೆ ಸಿಗಬಹುದು. ಅಪಾಯ ಕಂಡಾಗ ಅದು ಮೈಯನ್ನು ಒಮ್ಮೆ ಜಾಡಿಸುತ್ತದೆ, ಮರಿಗಳೆಲ್ಲ ತಕ್ಷಣ ತಳಕ್ಕಿಳಿದು ಅಲುಗದೆ ಮಲಗುತ್ತವೆ. ಮತ್ತೊಂದು ಸನ್ನೆ ಬರುವವರೆಗೆ ಏಳುವುದಿಲ್ಲ. ಮೀನು ಸಾಕುವವರು ನೋಡಲೇಬೇಕಾದ ದೃಶ್ಯವೆಂದು ನಾನು ಭಾವಿಸುವ ಕೆಲವೇ ಸಂಗತಿಗಳಲ್ಲಿ ಇದು ಒಂದು.

ಈಜತೊಡಗಿದ ಮರಿಗಳಿಗೆ ಮೊಟ್ಟೆಯೊಡೆದು ಆಗಷ್ಟೇ ಹೊರಬಂದ ಬ್ರೈನ್ ಶ್ರಿಂಪ್ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮರಿಗಳೇ ಉತ್ತಮ ಆಹಾರ. ಲೀಟರ್ ನೀರಿಗೆ ಸುಮಾರು 25 ಗ್ರಾಂ ಉಪ್ಪು ಹಾಕಿ, ಗಾಳಿಗುಳ್ಳೆ ಬಿಟ್ಟು, 28 ಡಿಗ್ರಿಯ ಆಸುಪಾಸಿನಲ್ಲಿಟ್ಟರೆ ಶ್ರಿಂಪ್ ಮೊಟ್ಟೆಗಳು 24 ರಿಂದ 36 ಗಂಟೆಗಳಲ್ಲಿ ಒಡೆಯುತ್ತವೆ. ಕೊಡಗಿನ ಚಳಿಯಲ್ಲಿ ಹೊರಗಿಟ್ಟ ಬಾಟಲಿ ತಡಮಾಡುವುದರಿಂದ ಅದನ್ನು ಹೀಟರ್ ಇರುವ ಅಕ್ವೇರಿಯಂನೊಳಗೇ ತೇಲಿಬಿಡಿ.

ಪ್ರಶ್ನೆ (ಸುಂಟಿಕೊಪ್ಪ): ಒರತೆಯ ನೀರಿನಲ್ಲಿ ಕ್ರಿಬೆನ್ಸಿಸ್ ಮರಿ ಮಾಡಿದ್ದೇವೆ. ಬೆಳೆದ ಮೇಲೆ ನೋಡಿದರೆ ಬಹುತೇಕ ಎಲ್ಲವೂ ಗಂಡು. ನೀರಿನ ಪಿಎಚ್ 5.5ರ ಸುತ್ತಮುತ್ತ ಇದೆ.

ಉತ್ತರ: ಕಾರಣವನ್ನು ನೀವೇ ಅಳೆದಿದ್ದೀರಿ. ಪಶ್ಚಿಮ ಆಫ್ರಿಕಾದ ಈ ಮೀನಿನಲ್ಲಿ, ಅಂದರೆ ಪೆಲ್ವಿಕಕ್ರೊಮಿಸ್ ಪಲ್ಚರ್‌ನಲ್ಲಿ, ಮರಿಯ ಮೊದಲ ಸುಮಾರು ಒಂದು ತಿಂಗಳಲ್ಲಿ ನೀರು ಹೆಚ್ಚು ಆಮ್ಲೀಯವಾಗಿದ್ದರೆ ಗಂಡುಗಳ ಪ್ರಮಾಣ ಏರುತ್ತದೆ. ಮುಂದಿನ ಸಲ ಮೊಟ್ಟೆಯಿಡುವ ಮೊದಲೇ, ಕೋಳಿಗಳಿಗೆ ಹಾಕುವ ಚಿಪ್ಪಿನ ಚೂರನ್ನು ಒಂದು ಹಿಡಿಯಷ್ಟು ಬಟ್ಟೆಯಲ್ಲಿ ಕಟ್ಟಿ ಫಿಲ್ಟರ್ ಬಳಿಯಿಟ್ಟು, ಪಿಎಚ್ ಕೆಲವು ದಿನಗಳಲ್ಲಿ 7ರ ಹತ್ತಿರಕ್ಕೆ ಬರುವಂತೆ ನೋಡಿಕೊಳ್ಳಿ. ಎಪಿಸ್ಟೊಗ್ರಾಮಗಳಲ್ಲಿ ಉಷ್ಣತೆಯ ಪ್ರಭಾವ ದೊಡ್ಡದು: ರೋಮರ್ ಮತ್ತು ಬೈಸೆನ್‌ಹೆರ್ಜ್ ಎಂಬ ಸಂಶೋಧಕರು 37 ಪ್ರಭೇದಗಳನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವುಗಳಲ್ಲಿ ಹೆಚ್ಚಿನವುಗಳಲ್ಲಿ ನೀರು ಬಿಸಿಯಾದಷ್ಟೂ ಗಂಡುಗಳು ಹೆಚ್ಚಾದವು. ಗೋಣಿಕೊಪ್ಪಲಿನ ಓದುಗರೂ ಇದನ್ನು ಗಮನಿಸಿ ತಮ್ಮ ತೊಟ್ಟಿಯನ್ನು 26 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟುಕೊಳ್ಳಲಿ.

ಪ್ರಶ್ನೆ (ಸಿದ್ದಾಪುರ): ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದ ವಾರದಲ್ಲಿ ಮಳೆ ಬಂದು, ಹೆಂಚಿನ ಮೇಲಿನ ನೀರನ್ನು ಹಿಡಿದು ಅಕ್ವೇರಿಯಂಗೆ ಬಳಸಿದೆವು. ದೊಡ್ಡ ಮೀನು ಉಳಿದವು, ಮರಿಗಳೆಲ್ಲ ಸತ್ತವು. ಸಂಬಂಧವಿದೆಯೇ?

ಉತ್ತರ: ಇರುವ ಸಾಧ್ಯತೆ ಬಲವಾಗಿದೆ. ಬೋರ್ಡೋದಲ್ಲಿರುವ ಮೈಲುತುತ್ತದ ತಾಮ್ರ ಮೀನಿನ ಕಿವಿರುಗಳನ್ನು ಕೆಡಿಸುತ್ತದೆ, ಮರಿಗಳನ್ನು ಮೊದಲು ಕೊಲ್ಲುತ್ತದೆ. ನೀರು ಮೆದುವಾದಷ್ಟೂ ತಾಮ್ರದ ವಿಷ ಹೆಚ್ಚು ತೀಕ್ಷ್ಣವಾಗುವುದರಿಂದ, ಕುಬ್ಜ ಸಿಕ್ಲಿಡ್‌ಗಳಿಗೆ ವರವಾಗಿರುವ ಕೊಡಗಿನ ಮೆದು ನೀರು ಈ ಒಂದು ವಿಷಯದಲ್ಲಿ ಅವುಗಳ ರಕ್ಷಣೆಗೆ ಬರುವುದಿಲ್ಲ. ಸಿಂಪರಣೆ ಶುರುವಾಗುವ ಮೊದಲೇ ಮುಚ್ಚಿದ ಡ್ರಮ್ಮಿನಲ್ಲಿ ನೀರು ತುಂಬಿಟ್ಟುಕೊಳ್ಳಿ; ಸಿಂಪಡಿಸಿದ ಮೇಲಿನ ಮೊದಲ ಕೆಲವು ಮಳೆಗಳ ನೀರನ್ನು ಹಿಡಿಯಬೇಡಿ; ಔಷಧಿ ಕಲಸಿದ ಕೈ, ಬಕೆಟ್, ಪೈಪುಗಳನ್ನು ತೊಟ್ಟಿಯ ಹತ್ತಿರ ತರಬೇಡಿ.

ಪ್ರಶ್ನೆ (ಪೊನ್ನಂಪೇಟೆ): ಮರಿಗಳು ಹೆಚ್ಚಾಗಿವೆ. ನಮ್ಮ ತೋಟದ ಕೆರೆಗೆ ಬಿಡಬಹುದೇ?

ಉತ್ತರ: ದಯವಿಟ್ಟು ಬಿಡಬೇಡಿ. ಮಳೆಗಾಲದಲ್ಲಿ ಉಕ್ಕುವ ತೋಟದ ಕೆರೆ ತೋಡಿಗೆ, ತೋಡು ಹೊಳೆಗೆ ಸೇರುತ್ತದೆ. ಚಳಿಗೆ ಅವು ಸತ್ತರೆ ನಿಮ್ಮ ಮೀನುಗಳಿಗೆ ಅನ್ಯಾಯ. ಉಳಿದರೆ ನಮ್ಮ ಹೊಳೆಗಳಿಗೆ ಅನ್ಯಾಯ. 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯ, ಅಂದರೆ ನಮ್ಮ ಜಿಲೇಬಿ ಮೀನು, ಒಂದು ಸಿಕ್ಲಿಡ್ಡೇ. ಮರಿಗಳನ್ನು ಬಾಯಲ್ಲಿಟ್ಟು ಕಾಪಾಡುವ ಅದರ ಪಾಲನೆಯ ಗುಣವೇ ಅದು ದೇಶದ ಕೆರೆಗಳನ್ನೆಲ್ಲ ತುಂಬಲು ನೆರವಾಯಿತು. ಕೊಡಗಿನ ಗಡಿಯ ಪುಷ್ಪಗಿರಿಯಲ್ಲಿ ಹುಟ್ಟುವ ಕುಮಾರಧಾರೆ ಸೇರುವ ನೇತ್ರಾವತಿಯ ಜಲಾನಯನದಲ್ಲಿ ಎಟ್ರೋಪ್ಲಸ್ ಕೆನರೆನ್ಸಿಸ್ ಎಂಬ, ಕರ್ನಾಟಕಕ್ಕೇ ಸೀಮಿತವಾದ, ಅಳಿವಿನಂಚಿನ ಸಿಕ್ಲಿಡ್ ಇದೆ. ಹೊರಗಿನ ಬಂಧುಗಳ ಪೈಪೋಟಿಯನ್ನೂ ರೋಗವನ್ನೂ ಅದಕ್ಕೆ ತಂದೊಡ್ಡುವ ಹಕ್ಕು ನಮಗಿಲ್ಲ. ಹೆಚ್ಚಿದ ಮರಿಗಳನ್ನು ಮೈಸೂರು ಅಥವಾ ಕುಶಾಲನಗರದ ಅಂಗಡಿಗಳು ಸಾಮಾನ್ಯವಾಗಿ ಆಹಾರ, ಗಿಡಗಳಿಗೆ ಬದಲಾಗಿ ಪಡೆಯುತ್ತವೆ. ಸುಮಾರು ಒಂದು ಇಂಚು ಬೆಳೆಯುವವರೆಗೆ ಸಾಕಿ ಕೊಟ್ಟರೆ ಪ್ರಯಾಣವನ್ನೂ ತಾಳಿಕೊಳ್ಳುತ್ತವೆ. ಇನ್ನು ಮರಿ ಬೇಡವೆನಿಸಿದರೆ ಗಂಡುಹೆಣ್ಣುಗಳನ್ನು ಬೇರೆ ಬೇರೆ ತೊಟ್ಟಿಗಳಲ್ಲಿ ಇಡಿ.