ಮಂತ್ರವಿಧಿಗೆ ದಾಳ ಒಂದೇ ಸಲ ಸಾಕು

ನಿಮ್ಮ ಪ್ರಶ್ನೆ ಇಷ್ಟು: ಹಾಸನದಲ್ಲಿ ಆಡುವ ನಿಮ್ಮ ಆರ್‌ಪಿಜಿ (ಪಾತ್ರ ವಹಿಸಿ, ದಾಳ ಹಾಕಿ ಕಥೆ ಕಟ್ಟುವ ಆಟ) ಗುಂಪಿನ ಕಥೆ ಹೊಯ್ಸಳರ ಕಾಲದ ಮಲೆನಾಡಿನದು. ಪಾತ್ರಗಳೆಲ್ಲ ಸೇರಿ ಮಾಡುವ ದೊಡ್ಡ ಮಂತ್ರವಿಧಿಗೆ ಮೂರು ಹಂತ, ಹಂತಕ್ಕೊಂದು ದಾಳ. ಹೆಚ್ಚಿನ ಸಲ ವಿಧಿ ಕೆಡುತ್ತದೆ, ಯಾಕೆ?

ಲೆಕ್ಕವೇ ಹಾಗಿದೆ. ಒಂದೊಂದು ಹಂತ ಗೆಲ್ಲುವ ಸಾಧ್ಯತೆ ಶೇ. 70 ಇದ್ದರೂ ಮೂರನ್ನೂ ಗೆಲ್ಲುವುದು ಶೇ. 34 ಮಾತ್ರ, ನಾಲ್ಕನೇ ಹಂತ ಸೇರಿಸಿದರೆ 24ಕ್ಕೆ ಇಳಿಯುತ್ತದೆ. ಹಂತ ಎಷ್ಟಾದರೂ ಇರಲಿ, ದಾಳ ಕೊನೆಗೆ ಒಂದೇ ಸಲ ಬೀಳಲಿ. ಅದಕ್ಕಿಂತ ಮುಖ್ಯ, ಆ ದಾಳ ವಿಧಿ ಫಲಿಸಿತೋ ಇಲ್ಲವೋ ಎಂದು ಹೇಳಬಾರದು. ಸಾಮಗ್ರಿ ಹುಡುಕಿ, ಹೊತ್ತು ಕಾದು, ಬೆಲೆ ತೆತ್ತವರಿಗೆ ಫಲ ಸಿಗಲೇಬೇಕು. ಫಲದ ಜೊತೆಗೆ ಇನ್ನೇನು ಬಂತು ಎನ್ನುವುದನ್ನು ದಾಳ ಹೇಳಲಿ.

ಒಂದು ವಿಧಿಯನ್ನು ಪೂರ್ತಿ ಬರೆದು ತೋರಿಸುತ್ತೇನೆ. ಮುಳ್ಳಯ್ಯನಗಿರಿಯ ದಾರಿಗೆ ಮಂಜು ಕರೆಯುವ ವಿಧಿ ಎಂದುಕೊಳ್ಳಿ. ಕಥೆಯೊಳಗಿನ ಒಂದು ಗಂಟೆ, ಇಪ್ಪತ್ತು ನಿಮಿಷದ ಮೂರು ಭಾಗ. ಒಬ್ಬರು ಪಠಿಸುತ್ತಾರೆ, ಒಬ್ಬರು ಬೆಟ್ಟದ ಗಾಳಿಗೆ ದೀಪ ಆರದಂತೆ ಕಾಯುತ್ತಾರೆ, ಉಳಿದವರು ಕೆಳಗಿನ ದಾರಿ ನೋಡುತ್ತಾರೆ. ಸುಮ್ಮನೆ ಕೂರುವ ಆಟಗಾರ ಒಬ್ಬನಿದ್ದರೂ ಬೇಸರ ಅಲ್ಲಿಂದಲೇ ಶುರು. ಮುಗಿದುಹೋಗುವ ಸಾಮಗ್ರಿ ಒಂದೇ: ಹೆಬ್ಬೆ ಜಲಪಾತದಿಂದ ಅವರೇ ತಂದ ಒಂದು ಚೊಂಬು ನೀರು. ಬೆಲೆಯನ್ನು ಹಣದಲ್ಲಿ ಇಡಬೇಡಿ. ಶುರುವಿನಲ್ಲಿ ಯಾರ ಕೈಗೂ ಎಟುಕುವುದಿಲ್ಲ, ನಾಲ್ಕು ನಿಧಿ ಸಿಕ್ಕ ಮೇಲೆ ಯಾರಿಗೂ ಲೆಕ್ಕಕ್ಕಿರುವುದಿಲ್ಲ.

ಕೊನೆಗೆ ಪಠಿಸಿದವರು ಆರು ಮುಖದ ಎರಡು ದಾಳ ಹಾಕಿ ಕೂಡಿಸಲಿ. ಸರಿಯಾದ ಜಾಗಕ್ಕೆ 1, ಸರಿಯಾದ ಹೊತ್ತಿಗೆ 1, ಭಂಗವಿಲ್ಲದೆ ಮುಗಿದರೆ 1 ಸೇರಿಸಿ. 10 ಅಥವಾ ಹೆಚ್ಚು ಬಂದರೆ ಮಂಜು ಅವರು ಹೇಳಿದಲ್ಲಿ ಮಾತ್ರ ಕವಿಯುತ್ತದೆ. 7ರಿಂದ 9 ಬಂದರೆ ಮಂಜು ಬರುತ್ತದೆ, ಆದರೆ ಅವರ ಕಣ್ಣನ್ನೂ ಕಟ್ಟುತ್ತದೆ. 6 ಅಥವಾ ಕಡಿಮೆಯಾದರೆ ಮಂಜಿನ ಜೊತೆ ಕರೆಯದ ಯಾವುದೋ ಬಂದಿರುತ್ತದೆ. ಏನೂ ಸೇರಿಸದಿದ್ದರೆ ಈ ಕೊನೆಯದು ಶೇ. 42, ಎರಡು ಸೇರಿಸಿದರೆ 17, ಮೂರಕ್ಕೆ 8. ಮೂರರ ಮೇಲೆ ಬೋನಸ್ ಕೊಡಲೇಬೇಡಿ, ಅಪಾಯವೇ ಉಳಿಯುವುದಿಲ್ಲ.

ನಡುವೆ ಭಂಗವಾದರೆ ನಡೆಯುತ್ತಿದ್ದ ಇಪ್ಪತ್ತು ನಿಮಿಷ ಮಾತ್ರ ಹೋಗಲಿ. ನೀರು ಸುರಿಯುವುದು ಮೂರನೇ ಭಾಗದಲ್ಲಿ, ಆಗ ಭಂಗವಾದರೆ ಚೊಂಬೂ ಖಾಲಿ. ನಿಲ್ಲಿಸೋಣವೋ ಮುಂದುವರಿಸೋಣವೋ ಎಂಬ ವಾದ ಹುಟ್ಟುವುದು ಇಲ್ಲೇ, ಆಟದ ಜೀವವೂ ಅದೇ.

ಹೊತ್ತಿಗೆ ತೂಕ ಬರಬೇಕಾದರೆ ಆ ಹೊತ್ತಿನಲ್ಲಿ ಬೇರೇನೋ ನಡೆಯುತ್ತಿರಬೇಕು. ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಆರ್‌ಪಿಜಿಯ 5ನೇ ಆವೃತ್ತಿಯಲ್ಲಿ ವಿಧಿಯಾಗಿ ಮಾಡಿದ ಮಂತ್ರಕ್ಕೆ 10 ನಿಮಿಷ ಹೆಚ್ಚು ಹಿಡಿಯುತ್ತದೆ, ಸ್ಪೆಲ್ ಸ್ಲಾಟ್ (ಮಂತ್ರ ಹಾಕಲು ಪಾತ್ರಕ್ಕಿರುವ ಎಣಿಕೆಯ ಅವಕಾಶ) ಖರ್ಚಾಗುವುದಿಲ್ಲ. ಸಣ್ಣಪುಟ್ಟ ಮಂತ್ರಕ್ಕೆ ಒಳ್ಳೆಯ ನಿಯಮವೇ. ಬೆನ್ನಟ್ಟುವವರಿಲ್ಲದಿದ್ದರೆ ಮಾತ್ರ ಆ 10 ನಿಮಿಷ ಪುಕ್ಕಟೆ. ಆದ್ದರಿಂದ ಒಂದೊಂದು ಭಾಗ ಮುಗಿದಾಗಲೂ ಶತ್ರುಪಡೆ ಒಂದು ತಿರುವು ಮೇಲೆ ಬರಲಿ, ನಕ್ಷೆಯ ಮೇಲೆ ಕಾಯಿ ಸರಿಸಿಯೇ ತೋರಿಸಿ. ವರ್ಷಕ್ಕೊಮ್ಮೆ ಕೆಲವೇ ದಿನ ತೆರೆಯುವ ಬಾಗಿಲಿನ ಬಿಗಿ ಹಾಸನಾಂಬೆಯ ಊರಿನವರಿಗೆ ವಿವರಿಸಬೇಕಿಲ್ಲ. ಅತಿ ದೊಡ್ಡ ವಿಧಿಗಳಿಗೆ ಅಂಥ ಗಡುವು ಇಡಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ನಿಜವಾದ ಮಂತ್ರ, ವ್ರತ, ಹರಕೆ ಆಟಕ್ಕೆ ತರಬೇಡಿ. ಅದನ್ನು ನಂಬುವವರು ಅದೇ ಟೇಬಲ್‌ನಲ್ಲಿ ಕೂತಿರುತ್ತಾರೆ. ಆಟಗಾರರೇ ಒಂದು ಸಾಲಿನ ಸಂಕಲ್ಪ ಕಟ್ಟಲಿ: ಯಾರಿಗೆ, ಎಲ್ಲಿ, ಎಷ್ಟು ಹೊತ್ತು. ದಾಳ ಹಾಕುವ ಮೊದಲೇ ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. 7ರಿಂದ 9 ಬಿದ್ದಾಗ ಆ ಮೂರರಲ್ಲಿ ಯಾವುದು ತಪ್ಪಿತು ಎಂದು ನೀವು ಆರಿಸಿದರಾಯಿತು.