ಕಪ್ಪು ಚುಕ್ಕೆಯನ್ನು ನಂಬಬಹುದೇ?

ಪ್ರಶ್ನೆ: ಹೃದಯಕ್ಕೆ ಚುಚ್ಚಿದ ಕಾಂಡಕೋಶಗಳು (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳು) ಬದುಕಿವೆಯೇ ಎಂದು ಕೊಯ್ಯದೆ ನೋಡಲು ಸಾಧ್ಯವೇ?

ಉತ್ತರ: ನೋಡಬಹುದು, ಆದರೆ ಕಂಡದ್ದನ್ನೆಲ್ಲ ನಂಬಬೇಡಿ. ಬರಿಯ ಎಂಆರ್‌ಐಗೆ ಹೊಸ ಕೋಶ ಯಾವುದು, ಪಕ್ಕದ್ದು ಯಾವುದು ಎಂದು ತಿಳಿಯುವುದಿಲ್ಲ. ಅದಕ್ಕೇ ಚುಚ್ಚುವ ಮೊದಲು ಕೋಶಗಳೊಳಗೆ ಕಬ್ಬಿಣದ ಆಕ್ಸೈಡಿನ ನ್ಯಾನೊಕಣಗಳನ್ನು ಸೇರಿಸುತ್ತಾರೆ. ಚಿತ್ರದಲ್ಲಿ ಆ ಜಾಗ ಶಾಯಿ ಚೆಲ್ಲಿದಂತೆ ಕಪ್ಪಾಗಿ ಕಾಣುತ್ತದೆ. ತೊಡಕಿರುವುದು ಇಲ್ಲಿಯೇ. ಕೋಶ ಸತ್ತರೂ ಕಬ್ಬಿಣ ಉಳಿಯುತ್ತದೆ. ಸತ್ತದ್ದನ್ನು ನುಂಗುವ ಮ್ಯಾಕ್ರೊಫೇಜ್‌ಗಳು ಅದನ್ನೂ ನುಂಗಿ ಅಲ್ಲೇ ಕುಳಿತರೆ ಚುಕ್ಕೆ ಹಾಗೆಯೇ ಇರುತ್ತದೆ. ಹಳೆಯ ರಕ್ತಸ್ರಾವದ ಕಲೆಯೂ ಹೀಗೆಯೇ ಕಾಣಬಹುದು. ಅಂಥ ಒಂದು ಚಿತ್ರ ಹಿಡಿದು ‘ಚಿಕಿತ್ಸೆ ಫಲಿಸಿತು’ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕಬ್ಬಿಣದ ಬದಲು ಬೇರೆ ಗುರುತುಗಳನ್ನೂ ಕೋಶಕ್ಕೆ ಸೇರಿಸಬಹುದು. ವಿಕಿರಣಶೀಲ ಇಂಡಿಯಮ್-111 ಗುರುತಿನ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಸುಮಾರು 2.8 ದಿನ, ಮೊದಲ ಕೆಲವು ದಿನಗಳ ಲೆಕ್ಕಕ್ಕೆ ಸಾಕು, ಅಷ್ಟೇ. ಎಂಆರ್‌ಐಯಲ್ಲೇ ಕಾಣುವ ಫ್ಲೋರಿನ್-19 ಗುರುತು ಗೊಂದಲ ಮಾಡುವುದಿಲ್ಲ, ಏಕೆಂದರೆ ಮೃದು ಅಂಗಾಂಶಗಳಲ್ಲಿ ಫ್ಲೋರಿನ್ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದರ ಸಂಕೇತ ದುರ್ಬಲ.

ಜೀವ ಇದೆಯೇ ಎಂಬುದೇ ಪ್ರಶ್ನೆಯಾದರೆ ನನ್ನ ಒಲವು ವರದಿಗಾರ ಜೀನ್ ಕಡೆಗೆ, ಅಂದರೆ ಕೋಶ ಬದುಕಿರುವ ಸುಳಿವು ಕೊಡಲೆಂದೇ ಅದರೊಳಗೆ ಸೇರಿಸುವ ಜೀನ್ ಕಡೆಗೆ. ಅದು ತಯಾರಿಸುವ ಕಿಣ್ವವು ಪೆಟ್ ಸ್ಕ್ಯಾನಿನ ವಿಕಿರಣಶೀಲ ವಸ್ತುವನ್ನು ಕೋಶದೊಳಗೆ ಹಿಡಿದಿಡುತ್ತದೆ. ಸತ್ತ ಕೋಶಕ್ಕೆ ಆ ಕೆಲಸ ಆಗದು. ಕೋಶ ಒಡೆದು ಎರಡಾದರೆ ಜೀನ್ ಎರಡಕ್ಕೂ ಹೋಗುತ್ತದೆ, ಕಬ್ಬಿಣದಂತೆ ಹಂಚಿ ತೆಳುವಾಗುವುದಿಲ್ಲ. ಆದರೆ ಕೋಶದ ಜೀನ್ ತಿದ್ದಬೇಕು. ರೋಗಿಯ ದೇಹಕ್ಕೆ ಹೋಗುವ ಕೋಶದಲ್ಲಿ ಹಾಗೆ ಕೈಯಾಡಿಸಲು ವೈದ್ಯರು ಹಿಂಜರಿಯುವುದು ಸರಿಯೇ.